ಕೋಟ್‌ಗಢದ ಸೇಬಿನ ತೋಟಗಳಲ್ಲಿ ಎಂಟು ದಿನ

ಶಿಮ್ಲಾಕ್ಕೆ ಹೋದವರು ಹೆಚ್ಚಾಗಿ ಕುಫ್ರಿ ನೋಡಿಕೊಂಡು ಮನಾಲಿ ಕಡೆ ಹೊರಟುಬಿಡುತ್ತಾರೆ. ನಾವಿಬ್ಬರು ಈ ಸಲ ಮನಾಲಿ ಬಿಟ್ಟೆವು. ನಾರ್ಕಂಡಾ ದಾಟಿ ಠಾಣೇದಾರ್, ಕೋಟ್‌ಗಢ ಕಡೆ ಇಳಿದು, ಒಂದೇ ಮನೆಯಲ್ಲಿ ಎಂಟು ದಿನ ಉಳಿದೆವು. ಆಗಸ್ಟ್ ಕೊನೆಯ ವಾರ. ಸೇಬಿನ ಕೊಯ್ಲು ಜೋರಾಗಿ ನಡೆಯುತ್ತಿತ್ತು.

ಮೊದಲೇ ಹೇಳಿಬಿಡುತ್ತೇನೆ: ಐದು ದಿನಕ್ಕಿಂತ ಕಡಿಮೆ ಇಟ್ಟುಕೊಂಡು ಹೋಗಬೇಡಿ. ಮೊದಲ ದಿನ ಪ್ರಯಾಣದ ಸುಸ್ತಿನಲ್ಲೇ ಕಳೆಯುತ್ತದೆ. ಎರಡನೇ ದಿನ ಮಳೆಯೋ ಮಂಜೋ ಇದ್ದೇ ಇರುತ್ತದೆ. ಮನೆಯವರು ನಮ್ಮ ಜೊತೆ ಸಲೀಸಾಗಿ ಮಾತಿಗೆ ಕೂತದ್ದು ನಾಲ್ಕನೇ ದಿನ. ಇಲ್ಲಿ 'ನೋಡುವ ಜಾಗಗಳ' ಪಟ್ಟಿ ತುಂಬ ಚಿಕ್ಕದು. ನೋಡಬೇಕಾದ್ದು ಊರಿನ ಕೆಲಸ, ಅದಕ್ಕೆ ಅದರದೇ ಹೊತ್ತು ಬೇಕು.

ಯಾವಾಗ ಹೋಗಬೇಕು ಅನ್ನುವುದು ನಿಮಗೆ ಏನು ಬೇಕು ಅನ್ನುವುದರ ಮೇಲೆ. ಏಪ್ರಿಲ್‌ನಲ್ಲಿ ಹೋದರೆ ಇಡೀ ಗುಡ್ಡ ಬಿಳಿ, ತಿಳಿ ಗುಲಾಬಿ ಹೂವು. ಮರಗಳ ಕೆಳಗೆ ಜೇನುಪೆಟ್ಟಿಗೆ ಇಟ್ಟಿರುತ್ತಾರೆ, ಜೇನಿಗಾಗಿ ಅಲ್ಲ, ಪರಾಗಸ್ಪರ್ಶಕ್ಕಾಗಿ. ಮೇ ಕೊನೆಯಿಂದ ಜೂನ್‌ವರೆಗೆ ಚೆರ್ರಿ, ಅದರ ಬೆನ್ನಿಗೇ ಪ್ಲಮ್. ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸೇಬು. ಒಂದು ವಿಷಯ ನೆನಪಿಡಿ. ಹಣ್ಣು ಮೊದಲು ಕೆಳಗಿನ ತೋಟಗಳಲ್ಲಿ ಮಾಗುತ್ತದೆ, ಆಮೇಲೆ ಕೊಯ್ಲು ಗುಡ್ಡ ಹತ್ತುತ್ತಾ ಹೋಗುತ್ತದೆ. ನಿಮ್ಮ ರಜೆ ತಡವಾದರೆ ಬೇಜಾರಾಗಬೇಡಿ, ಇನ್ನೂ ಎತ್ತರಕ್ಕೆ ಹೋಗಿ. ಕಿನ್ನೌರ್‌ನ ಸಾಂಗ್ಲಾ, ಕಲ್ಪಾ ಕಡೆ ಅಕ್ಟೋಬರ್‌ನಲ್ಲೂ ಮರದಲ್ಲಿ ಹಣ್ಣಿರುತ್ತದೆ.

ಕಾಲ್ಕಾದಿಂದ ಶಿಮ್ಲಾಕ್ಕೆ ಪುಟ್ಟ ರೈಲಿನಲ್ಲೇ ಹೋಗಿ. 96 ಕಿಲೋಮೀಟರ್‌ಗೆ ಐದು ಗಂಟೆಗೂ ಜಾಸ್ತಿ ಹಿಡಿಯುತ್ತದೆ. 1903ರಲ್ಲಿ ಶುರುವಾದ ಹಳಿ, ಸುರಂಗಗಳೇ ನೂರಕ್ಕೂ ಹೆಚ್ಚು. ನಿಧಾನ ಅಂದರೆ ಏನು ಅಂತ ಮೈಗೆ ಅಭ್ಯಾಸವಾಗಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಶಿಮ್ಲಾದ ಲಕ್ಕರ್ ಬಜಾರ್ ಕಡೆಯಿಂದ ನಾರ್ಕಂಡಾ, ರಾಂಪುರ ದಿಕ್ಕಿನ ಬಸ್ಸುಗಳು ಸಿಗುತ್ತವೆ. ನಾರ್ಕಂಡಾಕ್ಕೆ 60 ಕಿಲೋಮೀಟರ್ ಚಿಲ್ಲರೆ ಅಷ್ಟೇ, ಆದರೂ ಅರ್ಧ ದಿನ ಎತ್ತಿಡಿ. ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಮಾತ್ರೆ ಹತ್ತಿರ ಇಟ್ಟುಕೊಳ್ಳಿ, ಬ್ಯಾಗಿನ ತಳದಲ್ಲಿ ಬೇಡ.

ಮಳೆಗಾಲದಲ್ಲಿ ಈ ರಸ್ತೆಗಳ ಮೇಲೆ ಗುಡ್ಡ ಜಾರುವುದುಂಟು. ಹೋಗುವಾಗ ನಾವೂ ಮೂರು ಗಂಟೆ ಕಾದೆವು. ಮುಂದೆ ಹಿಂದೆ ಸಾಲು ಲಾರಿ, ಜೆಸಿಬಿ ಕಲ್ಲು ಸರಿಸುತ್ತಿತ್ತು. ನಮ್ಮ ಪಕ್ಕದಲ್ಲಿದ್ದ ಹೆಂಗಸು ಸುಮ್ನೆ ಉಣ್ಣೆ ತೆಗೆದು ಹೆಣೆಯಲು ಕೂತರು. ಆದ್ದರಿಂದ ವಾಪಸ್ ಟಿಕೆಟ್‌ಗೆ ಮುಂಚೆ ಒಂದು ದಿನ ಖಾಲಿ ಇಟ್ಟುಕೊಳ್ಳಿ. ಮಳೆಯ ಅಬ್ಬರ ಬೇಡ ಅನ್ನುವವರಿಗೆ ಸೆಪ್ಟೆಂಬರ್ ಎರಡನೇ ವಾರದ ಮೇಲೆ ವಾಸಿ.

ರೂಮಿಗೆ ಫೋನ್ ಮಾಡುವಾಗ ವೈಫೈ ಕೇಳುವ ಮುಂಚೆ ಎರಡು ಪ್ರಶ್ನೆ ಕೇಳಿ. ತೋಟ ನಿಮ್ಮದೇನಾ? ಈಗ ಅಲ್ಲಿ ಯಾವ ಕೆಲಸ ನಡೀತಿದೆ? ಔಷಧಿ ಹೊಡೆಯುವ ದಿನಗಳಾದರೆ ತೋಟದೊಳಗೆ ಕಾಲಿಡುವಂತಿಲ್ಲ, ಮಕ್ಕಳಿದ್ದರೆ ಅಂಥ ವಾರ ಹೋಗಲೇಬೇಡಿ. ಕೊಯ್ಲು ನಡೆಯುತ್ತಿದ್ದರೆ ಮನೆಯವರಿಗೆ ನಿಮ್ಮನ್ನು ನೋಡಿಕೊಳ್ಳಲು ಪುರುಸೊತ್ತಿರುವುದಿಲ್ಲ. ಊಟ ಒಂದು ದಿನ ಎಂಟಕ್ಕೆ, ಒಂದು ದಿನ ಹತ್ತಕ್ಕೆ. ನಮಗೆ ಅದು ತೊಂದರೆ ಅನ್ನಿಸಲಿಲ್ಲ. ಹೊತ್ತಿಗೆ ಸರಿಯಾಗಿ ಎಲ್ಲ ಸಿಗಬೇಕು ಅನ್ನುವವರು ನಾರ್ಕಂಡಾದ ಹೋಟೆಲಿನಲ್ಲಿ ಉಳಿದು ಬಂದು ಹೋಗುವುದು ಒಳ್ಳೆಯದು.

ಈಗ ನನ್ನಿಂದಾದ ತಪ್ಪು. ಎರಡನೇ ದಿನ ಮನೆಯ ಹಿರಿಯರು, ನಾವು ಬಾಬೂಜಿ ಅನ್ನುತ್ತಿದ್ದೆವು, ಒಂದು ಹಣ್ಣು ಕಿತ್ತುಕೊಳ್ಳಿ ಅಂದರು. ನಾನು ಹಿಡಿದು ಎಳೆದೆ. ಹಣ್ಣಿನ ಜೊತೆ ಬೆರಳುದ್ದದ ಗಂಟುಗಂಟಾದ ಕಡ್ಡಿಯೂ ಮುರಿದು ಬಂತು. ಅವರು ಬೈಯಲಿಲ್ಲ. ಕಡ್ಡಿಯನ್ನು ನನ್ನ ಅಂಗೈ ಮೇಲಿಟ್ಟು, ತುದಿಯಲ್ಲಿದ್ದ ಸಣ್ಣ ಉಬ್ಬಿದ ಮೊಗ್ಗನ್ನು ತೋರಿಸಿ, "ಇದು ಬರೋ ವರ್ಷದ ಹಣ್ಣು" ಅಂದರು. ನನಗೆ ನಿಜವಾಗಿ ಸಂಕಟವಾಯಿತು. ಆಮೇಲೆ ಹೇಗೆ ಕೀಳಬೇಕು ಅಂತ ಕಲಿಸಿದರು. ಹಣ್ಣನ್ನು ಅಂಗೈ ತುಂಬ ಹಿಡಿದು, ತೋರುಬೆರಳನ್ನು ತೊಟ್ಟಿನ ಬುಡಕ್ಕೆ ಒತ್ತಿ, ಮೇಲಕ್ಕೆ ಎತ್ತಿ ಸ್ವಲ್ಪ ತಿರುಗಿಸಬೇಕು. ಮಾಗಿದ ಹಣ್ಣಾದರೆ ಟಕ್ ಅಂತ ತೊಟ್ಟಿನ ಸಮೇತ ಬರುತ್ತದೆ. ತೊಟ್ಟು ಕಿತ್ತುಹೋದ ಹಣ್ಣು ಬೇಗ ಕೊಳೆಯುತ್ತದೆ, ಬೆಲೆಯೂ ಇಳಿಯುತ್ತದೆ. ಹಾಗಾಗಿ ದಾರಿ ಬದಿಯ ಕೊಂಬೆ ಎಷ್ಟೇ ಕೈಗೆಟುಕುವಂತಿದ್ದರೂ ಕೇಳದೆ ಮುಟ್ಟಬೇಡಿ. ಒಂದು ಹಣ್ಣಿನ ಲೆಕ್ಕ ಅಲ್ಲ ಅದು.

ಈ ಊರುಗಳಿಗೆ ಇಂಥ ಸೇಬು ಬಂದ ಕತೆಯನ್ನು ಎಲ್ಲರೂ ಹೇಳುತ್ತಾರೆ, ಕೇಳಿಸಿಕೊಳ್ಳಿ. ಸ್ಯಾಮ್ಯುಯೆಲ್ ಸ್ಟೋಕ್ಸ್ ಅನ್ನುವ ಅಮೆರಿಕದ ಯುವಕ 1904ರಲ್ಲಿ ಕುಷ್ಠರೋಗಿಗಳ ಸೇವೆಗೆ ಅಂತ ಭಾರತಕ್ಕೆ ಬಂದವರು. ಕೋಟ್‌ಗಢದಲ್ಲೇ ನೆಲೆ ನಿಂತು, ಇಲ್ಲಿಯ ಹುಡುಗಿಯನ್ನು ಮದುವೆಯಾದರು. ಬ್ರಿಟಿಷರ ಕಾಲದ ಹುಳಿ ಸೇಬು ಇಲ್ಲಿಯವರ ಬಾಯಿಗೆ ಹಿಡಿಸಿರಲಿಲ್ಲ. ಇವರು ಅಮೆರಿಕದಿಂದ ಸಿಹಿಯಾದ ಡೆಲಿಷಿಯಸ್ ತಳಿಯ ಗಿಡ ತರಿಸಿ ನೆಟ್ಟರು, ಅಕ್ಕಪಕ್ಕದ ರೈತರಿಗೂ ಕೊಟ್ಟರು. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದರು. 1932ರಲ್ಲಿ ಸತ್ಯಾನಂದ ಅಂತ ಹೆಸರು ಬದಲಿಸಿಕೊಂಡರು. ಅವರ ಮನೆ ಹಾರ್ಮನಿ ಹಾಲ್ ಮತ್ತು ಅವರು ಕಟ್ಟಿಸಿದ ಪರಮಜ್ಯೋತಿ ಮಂದಿರ ಠಾಣೇದಾರ್ ಬಳಿಯೇ ಇವೆ. ಮಂದಿರಕ್ಕೆ ಸಂಜೆ ಬಿಸಿಲಿನಲ್ಲಿ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ.

ತಾನಿ ಜುಬ್ಬಡ್ ಕೆರೆಗೂ ಅರ್ಧ ದಿನ ಕೊಡಿ. ಹಾಟು ಶಿಖರ ಸುಮಾರು 3,400 ಮೀಟರ್ ಎತ್ತರ, ಬೆಳಗ್ಗೆ ಬೇಗ ಹೊರಡದಿದ್ದರೆ ಮಂಜು ಬಿಟ್ಟು ಏನೂ ಕಾಣುವುದಿಲ್ಲ. ಉಳಿದ ಹೊತ್ತೆಲ್ಲ ನಾವು ಕಳೆದದ್ದು ಮನೆಯ ಮುಂದಿನ ಶೆಡ್ಡಿನಲ್ಲಿ. ಕೆಲಸದವರು ಕಿಲ್ಟಾ ಅನ್ನುವ ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಂಡು ಕಡಿದಾದ ತೋಟದಿಂದ ಹಣ್ಣು ಹೊತ್ತು ತರುತ್ತಾರೆ. ಹಣ್ಣಿನ ಮೇಲೆ ತೆಳ್ಳಗೆ ಬೂದಿ ಬಳಿದ ಹಾಗಿರುತ್ತದೆ, ಹೆಬ್ಬೆರಳಿನಿಂದ ಒರೆಸಿದರೆ ಅಷ್ಟೇ ಜಾಗದಲ್ಲಿ ಕಡುಕೆಂಪು ಹೊಳೆಯುತ್ತದೆ. ಅದನ್ನು ಗಾತ್ರ ನೋಡಿ ಬೇರೆ ಮಾಡುತ್ತಾರೆ. ತೀರಾ ಸಣ್ಣದಕ್ಕೆ ಪಿಟ್ಟು ಅಂತ ಹೆಸರು. 2024ರ ಹಂಗಾಮಿನಿಂದ ಹಿಮಾಚಲದಲ್ಲಿ ಯೂನಿವರ್ಸಲ್ ಕಾರ್ಟನ್, ಅಂದರೆ ಒಂದೇ ನಿಗದಿತ ಅಳತೆಯ ರಟ್ಟಿನ ಡಬ್ಬ, ಕಡ್ಡಾಯವಾಗಿದೆ. ಮುಂಚೆ ಡಬ್ಬಕ್ಕೆ ಒತ್ತಿ ಒತ್ತಿ ಜಾಸ್ತಿ ತುಂಬಿಸುತ್ತಿದ್ದರು, ಈಗ ಹಾಗೆ ಆಗುವುದಿಲ್ಲ ಅಂತ ಬಾಬೂಜಿಗೆ ಸಮಾಧಾನ. ಐದನೇ ದಿನದಿಂದ ನಮಗೂ ಡಬ್ಬ ಮಡಿಸುವ ಕೆಲಸ ಕೊಟ್ಟರು. ಎಂಟು ದಿನದಲ್ಲಿ ನನಗೆ ಅತಿ ಖುಷಿ ಕೊಟ್ಟದ್ದು ಅದೇ.

ಕತ್ತಲಾದ ಮೇಲೆ ತೋಟದ ಕಾಲುದಾರಿಗಳಲ್ಲಿ ಓಡಾಡಬೇಡಿ. ಹಣ್ಣಿನ ಕಾಲದಲ್ಲಿ ಕರಡಿ ಬರುತ್ತದೆ, ಮನೆಗಳ ಕಾವಲು ನಾಯಿಗಳನ್ನೂ ಬಿಟ್ಟಿರುತ್ತಾರೆ. ಒದ್ದೆ ಹುಲ್ಲಿನ ಇಳಿಜಾರಿಗೆ ಹಿಡಿತವಿರುವ ಬೂಟು ಬೇಕೇ ಬೇಕು. ಆಗಸ್ಟ್ ಆದರೂ ರಾತ್ರಿಗೆ ಒಂದು ಸ್ವೆಟರ್ ಬೇಕು. ನಗದು ಸ್ವಲ್ಪ ಕೈಯಲ್ಲಿರಲಿ. ಸಿಡ್ಡು ಮಾಡಿದ ದಿನ ಬೇರೇನೂ ಕೇಳಬೇಡಿ, ಹಬೆಯಲ್ಲಿ ಬೆಂದ ಆ ಗೋಧಿ ಹಿಟ್ಟಿನ ತಿಂಡಿಯನ್ನು ಬಿಸಿ ಇರುವಾಗಲೇ ತುಪ್ಪ ಸುರಿದುಕೊಂಡು ತಿನ್ನಿ.

ಹಣ್ಣು ತರುವುದಾದರೆ ನೀವು ಉಳಿದುಕೊಂಡ ಮನೆಯಲ್ಲೇ ಕೊಂಡುಕೊಳ್ಳಿ. ಪೂರ್ತಿ ಮಾಗಿದ್ದು ಬೇಡ, ಗಟ್ಟಿ ಇರುವುದನ್ನು ಕೇಳಿ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ ಬಟ್ಟೆಯ ನಡುವೆ ಇಟ್ಟರೆ ಪೆಟ್ಟು ಬೀಳುವುದಿಲ್ಲ. ಮನೆಗೆ ಬಂದ ಮೇಲೆ ಬಾಳೆಹಣ್ಣಿನ ಪಕ್ಕ ಇಡಬೇಡಿ, ಎರಡೂ ಬೇಗ ಹಣ್ಣಾಗಿ ಕೆಡುತ್ತವೆ. ನಾವು ಆರು ಕಿಲೋ ತಂದೆವು. ಅದರಲ್ಲಿ ನಾನೇ ಕಿತ್ತ ಹಣ್ಣು ಹನ್ನೊಂದು, ಎಲ್ಲಕ್ಕೂ ತೊಟ್ಟಿತ್ತು.