‘ಎಲ್ಲವನ್ನೂ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀಯ?’

ಈ ಪ್ರಶ್ನೆಯನ್ನು ಅಮ್ಮ ಕೇಳಿದ್ದಾರೆ, ಗೆಳತಿಯರು ಕೇಳಿದ್ದಾರೆ, ಕಚೇರಿಯಲ್ಲಿ ಪಕ್ಕದ ಮೇಜಿನವರೂ ಕೇಳಿದ್ದಾರೆ. ಕಳೆದ ತಿಂಗಳು ಮದುವೆಯೊಂದರಲ್ಲಿ ಚಿಕ್ಕಮ್ಮ ಮತ್ತೆ ಕೇಳಿದರು. ಅಂದು ಬಾಯಿಗೆ ಬಾರದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಛತ್ರದಲ್ಲಿ ನನಗೆ ಸಿಕ್ಕಿದ್ದು ಓಲಗದವರ ಪಕ್ಕದ ಕುರ್ಚಿ. ಹೋಮದ ಹೊಗೆ, ಅಡುಗೆಮನೆಯಿಂದ ಒಗ್ಗರಣೆಯ ಘಾಟು, ಕಣ್ಣಿಗೇ ಹೊಡೆಯುತ್ತಿದ್ದ ವಿಡಿಯೊದವರ ದೀಪ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈಯೆತ್ತಿದ್ದೇ ತಡ, ಡೋಲಿನ ಒಂದೊಂದು ಪೆಟ್ಟೂ ನನ್ನ ಎದೆಗೂಡಿನೊಳಗೆ ಬೀಳತೊಡಗಿತು. ಮುಷ್ಟಿ ಬಿಚ್ಚಿ ಅಕ್ಷತೆ ಹಾಕಿದೆ. ಬೆವರಿಗೆ ಅಂಟಿ ನಾಲ್ಕು ಕಾಳು ಅಂಗೈಯಲ್ಲೇ ಉಳಿದವು. ಕೈ ತೊಳೆಯುವ ನೆಪ ಮಾಡಿ ಹೊರಗೆ ಬಂದು, ನಲ್ಲಿಯ ಕೆಳಗೆ ಮಣಿಕಟ್ಟು ಹಿಡಿದು ನಿಂತೆ. ಹಿಂದೆಯೇ ಬಂದ ಚಿಕ್ಕಮ್ಮ ಕೇಳಿದರು: ‘ಏನಾಯಿತೇ? ಯಾರು ಏನಂದರು?’

ಯಾರೂ ಏನೂ ಅಂದಿರಲಿಲ್ಲ.

ಚಿಕ್ಕಮ್ಮ, ನಾನಾಗಿ ಹಚ್ಚಿಕೊಳ್ಳುವುದಿಲ್ಲ. ತಾನಾಗಿ ಬಂದು ಹತ್ತಿಕೊಳ್ಳುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೇನ್ ಆರನ್ 1990ರ ದಶಕದಿಂದ, ಸದ್ದು, ಬೆಳಕು, ಇತರರ ಭಾವನೆ ಎಲ್ಲವೂ ಹೆಚ್ಚು ತಾಗುವ ಈ ಸೂಕ್ಷ್ಮ ಸ್ವಭಾವದ ಅಧ್ಯಯನದಲ್ಲಿ ತೊಡಗಿದ್ದಾರೆ. ಪತಿ ಆರ್ಥರ್ ಆರನ್ ಜೊತೆ 1997ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಅಳೆಯಲು 27 ಪ್ರಶ್ನೆಗಳನ್ನು ಕೊಟ್ಟರು. ನೂರರಲ್ಲಿ 15ರಿಂದ 20 ಮಂದಿ ಇಂಥವರು ಎಂಬುದು ಅವರ ಅಂದಾಜು. ಇದು ಕಾಯಿಲೆಯಲ್ಲ, ಸಂಕೋಚದ ಸ್ವಭಾವವೂ ಅಲ್ಲ. ಅವಳಿ ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಜನರ ನಡುವಿನ ಈ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳಿಂದ ಬಂದದ್ದು. ಮಿಕ್ಸಿ ಹಾಕಿದೊಡನೆ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗುತ್ತಿದ್ದ ನಮ್ಮ ಅಜ್ಜಿ ನೆನಪಿದ್ದಾರಲ್ಲವೇ?

ಸೂಕ್ಷ್ಮವಾಗಿರುವುದಕ್ಕಿಂತ ಅದನ್ನು ಮುಚ್ಚಿಡಲು ಹೋದದ್ದೇ ನನ್ನ ಆರೋಗ್ಯ ಕೆಡಿಸಿತು. ಮೂವತ್ತು ದಾಟುವವರೆಗೂ ಎಲ್ಲ ಸಮಾರಂಭಗಳಲ್ಲಿ ಕೊನೆಯವರೆಗೆ ನಗುತ್ತಾ ಕೂತೆ. ರಾತ್ರಿಯೆಲ್ಲ ನಿದ್ದೆಯಿಲ್ಲ, ಬೆಳಗಾದರೆ ತಲೆನೋವು, ಯಾರದೋ ಸಿಟ್ಟು ಮಕ್ಕಳ ಮೇಲೆ. ಈಗ ದಿನಕ್ಕೆ ಒಂದೇ ಸಮಾರಂಭ. ಮನೆಗೆ ಬಂದೊಡನೆ ದೀಪ ಆರಿಸಿ, ತಣ್ಣನೆಯ ನೆಲದ ಮೇಲೆ ಅರ್ಧ ಗಂಟೆ ಮಲಗುತ್ತೇನೆ. ನನಗೆ ಅಷ್ಟು ಸಾಕು. ಆದರೆ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ಅದನ್ನು ಸ್ವಭಾವವೆಂದು ಸುಮ್ಮನಿರಬಾರದು, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮೈಕೆಲ್ ಪ್ಲೂಸ್ ಎಂಬ ಸಂಶೋಧಕರು ಇನ್ನೊಂದು ಮಾತು ಹೇಳುತ್ತಾರೆ: ಇಂಥವರಿಗೆ ಕೆಟ್ಟದ್ದು ಹೆಚ್ಚು ತಾಗುವಂತೆ ಒಳ್ಳೆಯ ಆರೈಕೆಯೂ ಹೆಚ್ಚು ಹಿಡಿಯುತ್ತದೆ. ನನಗೆ ಇದನ್ನು ನಂಬಲು ಅಧ್ಯಯನ ಬೇಕಿರಲಿಲ್ಲ. ಅಂದು ನಲ್ಲಿಯ ಬಳಿ ನೀವು ಬೈಯುತ್ತಲೇ ಸೆರಗಿನಿಂದ ನನ್ನ ಕೈ ಒರೆಸಿದಿರಿ. ಆ ಹತ್ತಿಸೀರೆಯ ಮೆತ್ತನೆ ಇನ್ನೂ ಅಂಗೈಯಲ್ಲಿದೆ.

ಕಾರ್ತಿಕದಲ್ಲಿ ಇನ್ನೊಂದು ಮದುವೆ ಇದೆಯಲ್ಲ. ಬಾಗಿಲ ಹತ್ತಿರ ಒಂದು ಕುರ್ಚಿ ಹಿಡಿದಿಡಿ. ಅಕ್ಷತೆ ಹಾಕಿ ಹತ್ತು ನಿಮಿಷ ಹೊರಗೆ ಹೋಗಿ ಬರುತ್ತೇನೆ. ಊಟಕ್ಕೆ ನಿಮ್ಮ ಪಕ್ಕದಲ್ಲೇ ಕೂರುತ್ತೇನೆ.