ಪ್ರಾಕ್ಸ್‌ಮಾಕ್ಸ್ ಸ್ಟೋರೇಜ್ ವಿಎಂ: ಡಿಸ್ಕ್‌ಗಳ ಗುರುತು ಹಿಡಿದು ಜೋಡಿಸುವ ಹಂತ

ಈ ಹಂತದ ಕೆಲಸ ಇಷ್ಟು: ನಾಲ್ಕು 4 ಟಿಬಿ ಸಾಟಾ ಡಿಸ್ಕ್‌ಗಳನ್ನು ಪ್ರಾಕ್ಸ್‌ಮಾಕ್ಸ್ (ವರ್ಚುವಲ್ ಯಂತ್ರಗಳನ್ನು ಓಡಿಸುವ ತಂತ್ರಾಂಶ) ಹೋಸ್ಟ್‌ನಿಂದ, ಅಂದರೆ ಅಸಲಿ ಯಂತ್ರದಿಂದ, ಸ್ಟೋರೇಜ್ ವಿಎಂಗೆ (ಅದರೊಳಗೆ ಓಡುವ ವರ್ಚುವಲ್ ಯಂತ್ರ, ಇದೇ ಗೆಸ್ಟ್) ಇಡಿಯಾಗಿ ಒಪ್ಪಿಸುವುದು. ಒಪ್ಪಿಸುವ ಕಮಾಂಡ್ ಒಂದೇ ಸಾಲಿನದು. ಯಾವ ಡಿಸ್ಕ್ ಯಾವುದು ಎಂದು ಖಾತ್ರಿ ಮಾಡಿಕೊಳ್ಳುವುದಕ್ಕೇ ಹೆಚ್ಚು ಹೊತ್ತು ಬೇಕು.

ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ನಂಬಲೇಬಾರದು. ಲಿನಕ್ಸ್ ಕರ್ನಲ್ ಡಿಸ್ಕ್‌ಗಳು ಕಣ್ಣಿಗೆ ಬಿದ್ದ ಕ್ರಮದಲ್ಲಿ ಅಕ್ಷರ ಹಂಚುತ್ತದೆ. ಬೂಟ್ ಆಗುವಾಗ ಒಂದು ಪೆನ್ ಡ್ರೈವ್ ಸಿಕ್ಕಿಸಿದ್ದರೂ ಕ್ರಮ ಬದಲಾಗಬಹುದು. ವಿಎಂ ಕಾನ್ಫಿಗ್‌ನಲ್ಲಿ ಎಸ್‌ಡಿಬಿ ಎಂದೇ ಬರೆದಿದ್ದರೆ, ರೀಬೂಟ್ ಆದ ಮೇಲೆ ಹೋಸ್ಟ್‌ನ ಬೂಟ್ ಡಿಸ್ಕೇ ಗೆಸ್ಟ್‌ನ ಕೈಗೆ ಹೋಗಬಹುದು.

ಹಾಗಾಗಿ ಗುರುತು ಡಿಸ್ಕ್‌ನ ಮೈಮೇಲಿನ ಲೇಬಲ್‌ನಿಂದಲೇ ಶುರುವಾಗಬೇಕು. ಟ್ರೇಗೆ ಕೂರಿಸುವ ಮೊದಲು ಸೀರಿಯಲ್ ನಂಬರ್ ಬರೆದುಕೊಂಡು, ಕೊನೆಯ ನಾಲ್ಕು ಅಕ್ಷರಗಳನ್ನು ಟ್ರೇಯ ಮುಂಭಾಗಕ್ಕೆ ಅಂಟಿಸಿದೆವು. ಒಟ್ಟಿಗೆ ಕೊಂಡ ಡಿಸ್ಕ್‌ಗಳಲ್ಲಿ ಮೊದಲ ಅಕ್ಷರಗಳು ಒಂದೇ ಇರುವುದುಂಟು. ವ್ಯತ್ಯಾಸ ಸಿಗುವುದು ಹೆಚ್ಚಾಗಿ ಕೊನೆಯಲ್ಲೇ.

ಹೋಸ್ಟ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್‌ಗೆ ಹೆಸರು, ಗಾತ್ರ, ಮಾಡೆಲ್, ಸೀರಿಯಲ್ ಕಾಲಂಗಳನ್ನು ಕೇಳಿದರೆ ಲೇಬಲ್ ಜೊತೆ ತಾಳೆ ನೋಡಬಹುದು. ಆಮೇಲೆ ನೋಡಬೇಕಾದ್ದು ಡೆವ್ ಅಡಿಯ ಡಿಸ್ಕ್ ಡೈರೆಕ್ಟರಿಯೊಳಗಿನ ಬೈ-ಐಡಿ, ಡಿಸ್ಕ್‌ಗಳ ಬದಲಾಗದ ಹೆಸರುಗಳಿರುವ ಡೈರೆಕ್ಟರಿ. ಸಾಟಾ ಡಿಸ್ಕ್‌ಗೆ ಇಲ್ಲಿ ಸಾಮಾನ್ಯವಾಗಿ ಎರಡು ಹೆಸರು: ಎಟಿಎ ಎಂದು ಶುರುವಾಗಿ ಮಾಡೆಲ್, ಸೀರಿಯಲ್ ಇರುವುದು ಒಂದು; 16 ಹೆಕ್ಸ್ ಅಂಕಿಗಳ ಡಬ್ಲ್ಯೂಡಬ್ಲ್ಯೂಎನ್ (ಡಿಸ್ಕ್‌ಗೆ ತಯಾರಕರು ಕೊಟ್ಟ ಗುರುತು ಸಂಖ್ಯೆ) ಇನ್ನೊಂದು. ಎರಡೂ ಸ್ಥಿರ. ನಮ್ಮ ಆಯ್ಕೆ ಮೊದಲನೆಯದು, ಲೇಬಲ್ ಜೊತೆ ನೇರವಾಗಿ ಹೋಲಿಸಬಹುದು ಎಂಬ ಕಾರಣಕ್ಕೆ. ಕೊನೆಯಲ್ಲಿ ಪಾರ್ಟ್-1 ಎಂದಿದ್ದರೆ ಅದು ಪಾರ್ಟಿಶನ್, ಅದನ್ನು ಕೊಡಬಾರದು.

ಟ್ರೇ ಗುರುತಿಸಲು ಅದರ ದೀಪ ಬೆಳಗಿಸುವ ಲೆಡ್‌ಸಿಟಿಎಲ್ ಕಮಾಂಡ್ ಇದೆ, ಆದರೆ ಬ್ಯಾಕ್‌ಪ್ಲೇನ್ (ಟ್ರೇಯ ಡಿಸ್ಕ್‌ಗಳು ಸಿಕ್ಕಿಕೊಳ್ಳುವ ಬೋರ್ಡ್) ಅದಕ್ಕೆ ಸ್ಪಂದಿಸುವಂತಿರಬೇಕು. ಇಲ್ಲದಿದ್ದರೆ ಡೇಟಾ ನಕಲಿಸುವ ಡಿಡಿ ಕಮಾಂಡ್‌ನಿಂದ ಆ ಡಿಸ್ಕನ್ನು ಓದಿ, ಬಂದದ್ದನ್ನೆಲ್ಲ ನುಂಗಿಬಿಡುವ ಡೆವ್-ನಲ್‌ಗೆ ಸುರಿಯಿರಿ. ಬಿಡದೆ ಮಿನುಗುವ ದೀಪವೇ ಅದರದ್ದು. ಔಟ್‌ಪುಟ್ ಜಾಗದಲ್ಲಿ ತಪ್ಪಿ ಬೇರೊಂದು ಡಿಸ್ಕ್‌ನ ಹೆಸರು ಬಿದ್ದರೆ ಅದರ ಡೇಟಾ ಹೋದಂತೆಯೇ, ಎಂಟರ್ ಒತ್ತುವ ಮುನ್ನ ಸಾಲನ್ನು ಮತ್ತೆ ಓದಿ.

ಜೋಡಣೆಗೆ ಕ್ಯೂಎಂ ಸೆಟ್ ಕಮಾಂಡ್: ವಿಎಂ ಸಂಖ್ಯೆ, ಸ್ಕಸಿ1 (ವಿಎಂನಲ್ಲಿ ಡಿಸ್ಕ್ ಕೂರುವ ಸ್ಥಾನ), ಬೈ-ಐಡಿಯ ಪೂರ್ತಿ ದಾರಿ. ಇದರ ಜೊತೆ ಸೀರಿಯಲ್ ಆಯ್ಕೆ ಕೊಡುವುದನ್ನು ಬಹಳಷ್ಟು ಮಂದಿ ಬಿಟ್ಟುಬಿಡುತ್ತಾರೆ. ಕೊಡದಿದ್ದರೆ ಗೆಸ್ಟ್‌ಗೆ ನಾಲ್ಕೂ ಬರೀ ಕ್ಯೂಎಮು (ವಿಎಂ ಓಡಿಸುವ ತಂತ್ರಾಂಶ) ಹಾರ್ಡ್‌ಡಿಸ್ಕ್ ಎಂದೇ ಕಾಣುತ್ತವೆ. ಮುಂದೆ ಜೆಡ್‌ಎಫ್‌ಎಸ್ (ಡಿಸ್ಕ್‌ಗಳನ್ನು ಒಂದೇ ಪೂಲ್ ಆಗಿ ಒಗ್ಗೂಡಿಸುವ ಫೈಲ್ ಸಿಸ್ಟಂ) ಒಂದು ಡಿಸ್ಕ್ ಕೆಟ್ಟಿದೆ ಎಂದಾಗ ಯಾವ ಟ್ರೇ ಎಳೆಯಬೇಕೆಂದು ತಿಳಿಯುವುದಿಲ್ಲ. ಸೀರಿಯಲ್ ಆಯ್ಕೆಯ ಮಿತಿ 20 ಬೈಟ್, ನಿಜವಾದ ಸೀರಿಯಲ್‌ಗೆ ಸಾಕು. ಬ್ಯಾಕಪ್ ಆಯ್ಕೆಯನ್ನು 0 ಮಾಡಿದೆವು. ಇಲ್ಲದಿದ್ದರೆ ವಿಎಂ ಬ್ಯಾಕಪ್ ಈ ಡಿಸ್ಕ್‌ಗಳನ್ನೂ ಎಳೆದುಕೊಳ್ಳುತ್ತದೆ.

ಈ ಬಗೆಯ ಜೋಡಣೆಯಲ್ಲಿ ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಹೇಳುವ ವಿವರ) ಗೆಸ್ಟ್‌ಗೆ ತಲುಪುವುದಿಲ್ಲ, ಆದ್ದರಿಂದ ಅದನ್ನು ಗಮನಿಸುವ ಸ್ಮಾರ್ಟ್‌ಡಿ ಹೋಸ್ಟ್‌ನಲ್ಲೇ ಓಡಬೇಕು. ಗೆಸ್ಟ್‌ನಲ್ಲೇ ಬೇಕೆಂದರೆ ಡಿಸ್ಕ್‌ಗಳು ಸೇರಿಕೊಂಡಿರುವ ಎಚ್‌ಬಿಎ ಕಾರ್ಡನ್ನೇ ಪಿಸಿಐ ಪಾಸ್‌ಥ್ರೂ ಮಾಡಬೇಕು, ಅಂದರೆ ಇಡೀ ಕಾರ್ಡನ್ನು ನೇರವಾಗಿ ಗೆಸ್ಟ್‌ಗೆ ಕೊಡಬೇಕು, ಆಗ ಹೋಸ್ಟ್‌ನ ಬೂಟ್ ಡಿಸ್ಕ್ ಆ ಕಾರ್ಡ್‌ನಲ್ಲಿ ಇರಕೂಡದು.

ಎಲ್ಲಕ್ಕಿಂತ ದೊಡ್ಡ ಅಪಾಯ ಒಂದೇ ಪೂಲ್ ಹೋಸ್ಟ್‌ನಲ್ಲೂ ಗೆಸ್ಟ್‌ನಲ್ಲೂ ಇಂಪೋರ್ಟ್ ಆಗುವುದು, ಅಂದರೆ ಬಳಕೆಗೆ ತೆರೆದುಕೊಳ್ಳುವುದು. ಎರಡು ಕಡೆಯಿಂದ ಬರೆದರೆ ಪೂಲ್ ಕೆಡುತ್ತದೆ, ಸರಿಪಡಿಸುವ ದಾರಿ ಬಹುತೇಕ ಇಲ್ಲ. ಗೆಸ್ಟ್ ಎಲ್‌ವಿಎಂ (ಲಿನಕ್ಸ್‌ನಲ್ಲಿ ಡಿಸ್ಕ್ ಜಾಗ ಹಂಚುವ ವ್ಯವಸ್ಥೆ) ಬಳಸುವುದಾದರೆ ಹೋಸ್ಟ್‌ನ ಎಲ್‌ವಿಎಂ ಕಾನ್ಫಿಗ್‌ನ ಗ್ಲೋಬಲ್ ಫಿಲ್ಟರ್‌ನಲ್ಲಿ ಈ ಡಿಸ್ಕ್‌ಗಳನ್ನು ಹೊರಗಿಡಬೇಕು.

ಯುಎಸ್‌ಬಿ ಡಾಕ್ ಬೇಡ. ಅದರೊಳಗೆ ಸಾಟಾವನ್ನು ಯುಎಸ್‌ಬಿಗೆ ಬದಲಿಸುವ ಕೆಲವು ಅಗ್ಗದ ಬ್ರಿಡ್ಜ್ ಚಿಪ್‌ಗಳು ಪ್ರತಿ ಡಿಸ್ಕ್‌ಗೂ ಒಂದೇ ಸೀರಿಯಲ್ ಹೇಳುತ್ತವೆ, ಬೈ-ಐಡಿಯಲ್ಲಿ ಎರಡು ಡಿಸ್ಕ್‌ಗೂ ಸೇರಿ ಒಂದೇ ಹೆಸರು ಉಳಿಯುತ್ತದೆ.

ಕೊನೆಯ ಪರೀಕ್ಷೆ: ಪೆನ್ ಡ್ರೈವ್ ಸಿಕ್ಕಿಸಿ ಹೋಸ್ಟ್ ರೀಬೂಟ್ ಮಾಡಿದಾಗ ಅಕ್ಷರಗಳು ಜರುಗಿದವು, ಗೆಸ್ಟ್‌ನೊಳಗಿನ ನಾಲ್ಕು ಸೀರಿಯಲ್‌ಗಳೂ ಟ್ರೇಯ ಚೀಟಿಗಳೂ ಹೊಂದಿಕೊಂಡೇ ಇದ್ದವು. ಮುಂದಿನ ಹಂತ ಗೆಸ್ಟ್‌ನಲ್ಲಿ ರೇಡ್-ಜೆಡ್2 ಪೂಲ್ (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೆಡ್‌ಎಫ್‌ಎಸ್ ಜೋಡಣೆ), ಅದನ್ನೂ ಬೈ-ಐಡಿ ಹೆಸರುಗಳಿಂದಲೇ ಕಟ್ಟುತ್ತೇವೆ.