ಹೆಡ್‌ಫೋನಿನಲ್ಲಿ ನಮ್ಮದೇ ದನಿ
ಮನೆಯಲ್ಲೇ ಹಾಡು ಮಾಡುವವರಿಗೆ ಮೊದಲ ಅಳುಕು ಹುಟ್ಟುವುದು ರೆಕಾರ್ಡಿಂಗ್ ಕೇಳಿದಾಗ. ಹಾಡುವಾಗ ತಲೆಬುರುಡೆಯ ಮೂಳೆಯ ಮೂಲಕವೂ ದನಿ ಒಳಗಿವಿ ಮುಟ್ಟಿ, ತುಂಬಿಕೊಂಡು ಕೇಳುತ್ತದೆ. ಮೈಕಿಗೆ ಆ ಭಾಗ ಸಿಗದು, ಅದಕ್ಕೇ ತೆಳುವೆನಿಸುತ್ತದೆ. ಅದು ಕಂಠದ ದೋಷವಲ್ಲ. ದಯವಿಟ್ಟು ಅಷ್ಟಕ್ಕೇ ಹಾಡು ಅಳಿಸಬೇಡಿ.

ಫ್ಯಾನ್ ನಿಲ್ಲಿಸಿ, ಬೆನ್ನ ಹಿಂದೆ ದಪ್ಪ ಕಂಬಳಿ ಇಳಿಬಿಡಿ. ಮೈಕಿನಿಂದ ಒಂದು ಗೇಣು ದೂರ. ರೆಕಾರ್ಡಿಂಗಿನ ದನಿಮಟ್ಟ ನೋಡಲು ತಾರಸ್ಥಾಯಿಯ, ಅಂದರೆ ಎತ್ತರದ ಸ್ವರಗಳ ಸಾಲನ್ನೇ ಹಾಡಿ, ಮೀಟರು ಮೈನಸ್ 6 ಡೆಸಿಬಲ್ ದಾಟಬಾರದು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ಶ್ರುತಿ ಜಾರುತ್ತಿದ್ದರೆ ಹೆಡ್‌ಫೋನಿನ ಒಂದು ಕಪ್ಪನ್ನು ಕಿವಿಯ ಹಿಂದಕ್ಕೆ ಸರಿಸಿ.

ಮೂರು ಸಲ ಹಾಡಿ ನಿಲ್ಲಿಸಿ, ತೀರ್ಪು ನಾಳೆ ಬೆಳಿಗ್ಗೆಗಿರಲಿ. ದೇವರನಾಮವಾದರಂತೂ ಹತ್ತನೇ ಸಲಕ್ಕೆ ಸ್ವರ ನಿಖರವಾಗಿದ್ದರೂ ಪಲ್ಲವಿಯ ಮೊರೆ ಬತ್ತಿಹೋಗಿರುತ್ತದೆ. ಹಳೆಯ ಟೇಕುಗಳಿಗೆ ತಾರೀಖು ಹಾಕಿಡಿ, ಗಮಕ, ಅಂದರೆ ಸ್ವರದ ಬಳುಕು, ಬೆಳೆದದ್ದು ಅಲ್ಲೇ ಕೇಳಿಸುತ್ತದೆ.